ರದ್ದಿಗೆ ಹೊರಟಿದ್ದ ಅಟ್‌ಫೀಲ್ಡ್

"ಮೇಡಂ, ಇದರಾಗ ಈಗಿನ ಔಷಧ ಒಂದರ ಐತೇನ್ರಿ?"

ಸೋಮವಾರದಿಂದ ಈ ಮಾತು ತಲೆಯಲ್ಲೇ ತಿರುಗುತ್ತಿದೆ. ಕೇಳಿದ ಹುಡುಗ ಡಿ.ಫಾರ್ಮ್ ಮುಗಿಸಿದವನು. ಹುಬ್ಬಳ್ಳಿಯ ದುರ್ಗದ ಬೈಲ್ ಹತ್ತಿರದ ಅವರ ಹಳೇ ಔಷಧದ ಅಂಗಡಿಗೆ ರಿಪೇರಿ ನಡೆದಿದೆ. ಅಟ್ಟದಿಂದ ಇಳಿಸಿದ ಪುಸ್ತಕಗಳು ರದ್ದಿಗೆ ಹೊರಟಿದ್ದವು. ಅವುಗಳ ನಡುವೆ 19ನೇ ಶತಮಾನದ ಇಂಗ್ಲೆಂಡಿನ ಜಾನ್ ಅಟ್‌ಫೀಲ್ಡ್ ಬರೆದ ಔಷಧ ರಸಾಯನಶಾಸ್ತ್ರದ ಪುಸ್ತಕ!

ಐತಿ, ಯಾಕಿಲ್ಲ? ಅವನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಎಪ್ಸಮ್ ಸಾಲ್ಟ್, ಜಿಂಕ್ ಆಕ್ಸೈಡ್ ಮುಲಾಮು, ಅಯೋಡಿನ್, ಪೊಟ್ಯಾಶಿಯಂ ಪರ್ಮಾಂಗನೇಟ್. ಒಂದೊಂದಾಗಿ ತೋರಿಸಿದೆ. ಹುಡುಗ ಒಳ್ಳೆಯವನು, ಪುಸ್ತಕ ತಗೊಂಡು ಪುಟ ತಿರುವಿದ. ಅವರಪ್ಪನಿಗೆ ಮಾತ್ರ ಟೈಲ್ಸ್ ಬಿಟ್ಟು ಬೇರೆ ಚಿಂತೆ ಇರಲಿಲ್ಲ.

1835ರಲ್ಲಿ ಹುಟ್ಟಿದ ಅಟ್‌ಫೀಲ್ಡ್ ಕೂಡ ಔಷಧದ ಅಂಗಡಿಯಲ್ಲೇ ಕೆಲಸ ಕಲಿತವರು. 1862ರಿಂದ 30 ವರ್ಷಕ್ಕೂ ಜಾಸ್ತಿ ಕಾಲ ಲಂಡನ್ನಿನ ಫಾರ್ಮಾಸ್ಯುಟಿಕಲ್ ಸೊಸೈಟಿ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದರು. 1867ರಲ್ಲಿ ಮೊದಲು ಬಂದ ಈ ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು. 1898ರ ಬ್ರಿಟಿಷ್ ಫಾರ್ಮಕೋಪಿಯಾ, ಅಂದರೆ ಔಷಧ ಹೇಗಿರಬೇಕು ಅಂತ ಹೇಳುವ ಅಧಿಕೃತ ಪುಸ್ತಕ, ಸಂಪಾದಿಸಿದ್ದೂ ಅವರೇ. ನಮ್ಮದೇ ಇಂಡಿಯನ್ ಫಾರ್ಮಕೋಪಿಯಾ ಬಂದದ್ದು 1955ರಲ್ಲಿ, ಅಲ್ವಾ? ಅಲ್ಲಿತನಕ ಇಲ್ಲಿಯೂ ನೋಡುತ್ತಿದ್ದದ್ದು ಬ್ರಿಟಿಷರದ್ದನ್ನೇ.

ಅಟ್‌ಫೀಲ್ಡ್ ಸುಮ್ನೆ ಹೇಳಿ ಬಿಡುವವರಲ್ಲ, ಮಾಡಿ ನೋಡು ಅನ್ನುವವರು. ಸಿಲ್ವರ್ ನೈಟ್ರೇಟ್ ಬರುವ ಪುಟದ ಅಂಚಿನಲ್ಲಿ ಕಂದುಗಪ್ಪು ಚುಕ್ಕೆಗಳಿದ್ದವು. ಬೆಳಕು ತಾಗಿದರೆ ಆ ದ್ರಾವಣ ಹಾಗೇ ಕಪ್ಪಾಗುತ್ತದೆ. ಯಾರೋ ಪುಸ್ತಕ ತೆರೆದಿಟ್ಟುಕೊಂಡು, ಪಕ್ಕದಲ್ಲೇ ಟೆಸ್ಟ್ ಮಾಡಿದ್ದಾರೆ. ಕ್ಲೋರೈಡ್ ಮಿತಿ ಮೀರಿದೆಯಾ ಅಂತ ಸಿಲ್ವರ್ ನೈಟ್ರೇಟ್ ಹಾಕಿ ನೋಡುವ ಲಿಮಿಟ್ ಟೆಸ್ಟ್ ಇದ್ದ ದಿನ, ನಾನು ಫಾರ್ಮಸಿ ಕಲಿಸುವ ಮೊದಲ ಸೆಮಿಸ್ಟರ್ ಮಕ್ಕಳ ಬೆರಳಲ್ಲೂ ಇದೇ ಕಲೆ.

"ಈಗಿನ ಔಷಧ ಒಂದರ ಐತೇನ್ರಿ?" ಔಷಧಕ್ಕಿಂತ, ಯಾರೋ ಟೆಸ್ಟ್ ಮಾಡಿದ್ದರ ಗುರುತಾದ ಆ ಚುಕ್ಕೆಗಳೇ ನನಗೆ ದೊಡ್ಡದಾಗಿ ಕಂಡವು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತರು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ ದ್ರಾವಕ ಇತ್ತು. ಬಣ್ಣವಿಲ್ಲ, ಸಿಹಿ, ಗ್ಲಿಸರಿನ್ ತರಹವೇ ಮಂದ. ಕಣ್ಣಿಗಾಗಲಿ ನಾಲಿಗೆಗಾಗಲಿ ಗೊತ್ತಾಗುವುದಿಲ್ಲ. ಆದರೆ ಕಿಡ್ನಿ ಹೋಗುತ್ತದೆ. ಸಿರಪ್ ಹೊರಬೀಳುವ ಮೊದಲೇ ಯಾರಾದರೂ ನೆಟ್ಟಗೆ ಟೆಸ್ಟ್ ಮಾಡಿದ್ದರೆ ಆ ಮಕ್ಕಳು ಬದುಕಿರುತ್ತಿದ್ದವು.

ಅದಕ್ಕೇ, ಹಿಂದಿನ ವರ್ಷದ ಪ್ರಾಕ್ಟಿಕಲ್ ಜರ್ನಲ್ ನೋಡಿ ರೀಡಿಂಗ್ ಬರೆದುಕೊಳ್ಳಲು ಬಿಡುವ ಮೇಷ್ಟ್ರುಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಾಗೆ ಪಾಸಾದ ಹುಡುಗರೇ ನಾಳೆ ಫ್ಯಾಕ್ಟರಿಯ ಕ್ವಾಲಿಟಿ ಕಂಟ್ರೋಲ್‌ನಲ್ಲಿ ಕೂರುತ್ತಾರೆ. ಸಿರಪ್‌ಗೆ ಹಾಕುವ ಗ್ಲಿಸರಿನ್ ಡ್ರಮ್ ಬಂದಿಳಿದಾಗ ಸರಿ ಇದೆ ಅಂತ ಸಹಿ ಹಾಕುವವರು ಅವರೇ.