ಸೋತ ಯುದ್ಧಕ್ಕೊಂದು ಗೆಲುವಿನ ಪದಕ

ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಹತ್ತಿರದ ಒಂದು ಹೊಲ. ಗೋಧಿ ಕೊಯ್ಲು ಮುಗಿದು ಕೂಳೆ ಮಾತ್ರ ಉಳಿದಿತ್ತು. ಹೊಲದ ಯಜಮಾನರ ಒಪ್ಪಿಗೆ ಪಡೆದು, ಮಣ್ಣಲ್ಲಿ ಹುದುಗಿದ ಲೋಹ ಪತ್ತೆ ಮಾಡೋ ಡಿಟೆಕ್ಟರ್ ಹಿಡಿದು ಹೊರಟಿದ್ದೆ. ಮಧ್ಯಾಹ್ನದವರೆಗೆ ಸಿಕ್ಕಿದ್ದು ಎರಡು ಗುಂಡಿ, ಒಂದು ಬಾಟಲಿ ಮುಚ್ಚಳ, ಟ್ರಾಕ್ಟರಿನ ಯಾವುದೋ ನಟ್ಟು. ಆಮೇಲೆ ಬೇಲಿ ಪಕ್ಕದಲ್ಲಿ ಮೆಷಿನ್ ಕುಯ್ಯೋ ಅಂತು. ಒಂದು ಗೇಣು ಅಗೆದೆ. ಹಸಿರುಗಟ್ಟಿದ ಹಿತ್ತಾಳೆ ಬಿಲ್ಲೆ!

ರಾತ್ರಿ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. "ಹುಣಸೆಹಣ್ಣು ಹಾಕಿ ತಿಕ್ಕೋ, ಫಳಫಳ ಅನ್ನುತ್ತೆ" ಅಂದರು. ದೇವರ ದೀಪಕ್ಕಾದರೆ ಸರಿ. ಇದಕ್ಕೆ ಹುಳಿ ತಾಗಿಸಿದರೆ ಅಕ್ಷರವೂ ಹೋಗುತ್ತೆ, ಬೆಲೆಯೂ ಹೋಗುತ್ತೆ. ಮೆತ್ತಗಾದ ಮಣ್ಣನ್ನು ಹಲ್ಲುಕಡ್ಡಿಯಿಂದ ಬಿಡಿಸುತ್ತಾ ಕೂತೆ.

ವಿಕ್ಟೋರಿಯಾ ರಾಣಿಯ 1897ರ ಜುಬಿಲಿ ಬಿಲ್ಲೆ ಇರಬೇಕು ಅಂದುಕೊಂಡಿದ್ದೆ. ಇಲ್ಲಿ ಅವು ಬೇಕಾದಷ್ಟು ಸಿಗುತ್ತವೆ. ಆದರೆ ಇದರಲ್ಲಿ ರಾಣಿಯೇ ಇಲ್ಲ. ಒಬ್ಬ ನಿಂತಿದ್ದಾನೆ, ಇನ್ನೊಬ್ಬ ಮಂಡಿಯೂರಿ ಕತ್ತಿ ಒಪ್ಪಿಸುತ್ತಿದ್ದಾನೆ. ಅಂಚಿನಲ್ಲಿ 'ವರ್ನನ್', ಕೆಳಗೆ 'ಡಾನ್ ಬ್ಲಾಸ್'. ಹಿಂಬದಿಯಲ್ಲಿ ಹಡಗುಗಳು, 'ಕಾರ್ಟಜೀನಾ', '1741'. ಅಷ್ಟು ಸಾಕಾಯ್ತು.

ಅಡ್ಮಿರಲ್ ಎಡ್ವರ್ಡ್ ವರ್ನನ್ 1739ರಲ್ಲಿ ಬರೀ ಆರು ಹಡಗು ಕಟ್ಟಿಕೊಂಡು ಪನಾಮಾದ ಪೋರ್ಟೊಬೆಲೊವನ್ನು ಸ್ಪೇನ್‌ನಿಂದ ಗೆದ್ದ. ಇಂಗ್ಲೆಂಡಿಗೆ ಹುಚ್ಚೇ ಹಿಡಿಯಿತು. ಅವನ ಚಿತ್ರದ ಪದಕಗಳು ನೂರಾರು ಬಗೆಯಲ್ಲಿ ಬಂದವು. ಲಂಡನ್ನಿನ ಪೋರ್ಟೊಬೆಲೊ ರೋಡ್ ಹೆಸರಿನ ಮೂಲವೂ ಆ ಗೆಲುವೇ. 1741ರಲ್ಲಿ ಭಾರೀ ಪಡೆ ಸೇರಿಕೊಂಡು ಈಗಿನ ಕೊಲಂಬಿಯಾದ ಕಾರ್ಟಜೀನಾಕ್ಕೆ ಹೋದರು. ಹೊರಗಿನ ಕೋಟೆಗಳು ಬಿದ್ದದ್ದೇ ತಡ, ಗೆದ್ದ ಹಾಗೇ ಅಂತ ವರ್ನನ್ ಊರಿಗೆ ಸುದ್ದಿ ಕಳಿಸಿಬಿಟ್ಟ. ಇಲ್ಲಿ ಪದಕದವರು ಅಚ್ಚು ಒತ್ತಿಯೇಬಿಟ್ಟರು. ಕೂಸು ಹುಟ್ಟೋ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ. ಅತ್ತ ಒಳಗಿನ ಕೋಟೆ ಮೇಲಿನ ದಾಳಿ ಮುರಿದುಬಿತ್ತು, ಹಳದಿ ಜ್ವರಕ್ಕೆ ಸಾವಿರಾರು ಜನ ಸತ್ತರು. ಉಳಿದವರು ಬರಿಗೈಲಿ ಹಡಗು ಹತ್ತಿದರು.

ನನಗೆ ತುಂಬಾ ಹಿಡಿಸಿದ್ದು ಮಂಡಿಯೂರಿದವನು. ಅವನು ಸ್ಪೇನ್ ಕಡೆಯಿಂದ ಕೋಟೆ ಉಳಿಸಿಕೊಂಡ ಬ್ಲಾಸ್ ದೆ ಲೆಸೊ. ಹಳೆಯ ಯುದ್ಧಗಳಲ್ಲಿ ಒಂದು ಕಾಲು, ಒಂದು ಕಣ್ಣು ಕಳಕೊಂಡಿದ್ದ, ಒಂದು ಕೈ ಕೆಲಸಕ್ಕೆ ಬರುತ್ತಿರಲಿಲ್ಲ. ಪದಕದಲ್ಲಿ ನೋಡಿದರೆ ಎರಡು ಕಾಲೂ ಗಟ್ಟಿಮುಟ್ಟು! ಲೆನ್ಸ್ ಇಟ್ಟು ಮೂರು ಸಲ ಎಣಿಸಿದೆ.

ವರ್ನನ್ ಇಪ್ಸ್‌ವಿಚ್‌ನ ಸಂಸದನೂ ಆಗಿದ್ದ. ಮನೆ ಇಲ್ಲೇ ಪಕ್ಕದ ನ್ಯಾಕ್ಟನ್‌ನಲ್ಲಿತ್ತು, 1757ರಲ್ಲಿ ತೀರಿಕೊಂಡದ್ದೂ ಅಲ್ಲೇ. ಅವನಿಗೆ ಓಟು ಹಾಕಿದ ಯಾರದೋ ಜೇಬಿಂದ ಬಿದ್ದದ್ದೋ ಏನೋ.

ಯಜಮಾನರಿಗೆ ಕಥೆ ಹೇಳಿ ಪದಕ ಕೈಗಿಟ್ಟೆ. ಸಿಕ್ಕಿದ್ದರಲ್ಲಿ ಅರ್ಧರ್ಧ ಅಂತ ನಮ್ಮ ಒಪ್ಪಂದ. ಅವರು ತಿರುಗಿಸಿ ತಿರುಗಿಸಿ ನೋಡಿ ನಕ್ಕರು. "ಸೋತ ಕಡೆ ನನಗಿರಲಿ, ಕಾಲಿನ ಕಡೆ ನೀನಿಟ್ಟುಕೋ" ಅಂದರು. ಸದ್ಯಕ್ಕೆ ಅವರ ಅಡುಗೆಮನೆ ಕಿಟಕಿಯಲ್ಲಿದೆ.