ಜುಲಾನಾದ ಇನ್ನೊಬ್ಬ ಪೈಲ್ವಾನ್

9 ಅಕ್ಟೋಬರ್ 2024, ಬುಧವಾರ

ಹರಿಯಾಣ ವಿಧಾನಸಭಾ ಚುನಾವಣೆಯ ಫಲಿತಾಂಶ ನಿನ್ನೆ ಬಂತು. ಜುಲಾನಾದಲ್ಲಿ ಒಲಿಂಪಿಕ್ಸ್ ಕುಸ್ತಿಪಟು ವಿನೇಶ್ ಫೋಗಟ್ 6,015 ಮತಗಳಿಂದ ಗೆದ್ದರು. ಅದೇ ಕ್ಷೇತ್ರದಲ್ಲಿ ನಿಂತಿದ್ದ, ಟಿವಿಯ ಷೋ ಕುಸ್ತಿಯಲ್ಲಿ ಆಡಿದ್ದ ಕವಿತಾ ದಲಾಲ್‌ಗೆ ಸಿಕ್ಕಿದ್ದು 1,280 ಮತ. ಠೇವಣಿಯೂ ಹೋಯಿತು. ಬೆಳಗ್ಗೆಯಿಂದ ಫೋನ್ ತುಂಬಾ ಒಂದೇ ಜೋಕು: ಅಸಲಿ ಪೈಲ್ವಾನ್ ಗೆದ್ದಳು, ನಾಟಕದ ಪೈಲ್ವಾನ್ ಸೋತಳು. ಮತದ ವಿಷಯ ಅಲ್ಲಿನ ಜನಕ್ಕೆ ಬಿಟ್ಟಿದ್ದು. ಆದರೆ ಜೋಕಿನ ಎರಡನೇ ಅರ್ಧ ಕೇಳಿ ಸಿಟ್ಟು ಬಂತು. ರಾತ್ರಿ ಕವಿತಾರ 2017ರ ಪಂದ್ಯ ಮತ್ತೆ ಹಾಕಿಕೊಂಡು ಕೂತೆ.

ಯಾರು ಗೆಲ್ಲಬೇಕೆಂದು ಮೊದಲೇ ಬರೆದಿಟ್ಟು ಆಡಿಸುವ ಕುಸ್ತಿಯ ಅಮೆರಿಕನ್ ಕಂಪನಿ ಡಬ್ಲ್ಯುಡಬ್ಲ್ಯುಇ, ಫ್ಲೋರಿಡಾದಲ್ಲಿ ನಡೆಸಿದ ಮೇ ಯಂಗ್ ಕ್ಲಾಸಿಕ್ ಟೂರ್ನಿ ಅದು. 32 ಹೆಂಗಸರು, ಸೋತವರು ಮನೆಗೆ. ಕವಿತಾ ರಿಂಗಿಗೆ ಬಂದಿದ್ದು ಕೇಸರಿ ಸಲ್ವಾರ್ ಕಮೀಜ್‌ನಲ್ಲಿ, ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡು. ಎದುರಾಳಿ ನ್ಯೂಜಿಲೆಂಡಿನ ಡಕೋಟಾ ಕೈ. ನಡುವೆ ಒಂದು ಗಳಿಗೆ ಬರುತ್ತೆ. ಕವಿತಾ ಆಕೆಯನ್ನು ಎರಡೂ ಕೈಯಲ್ಲಿ ತಲೆ ಮೇಲಕ್ಕೆ ಎತ್ತುತ್ತಾರೆ. ಕಬ್ಬಿಣದ ಬಾರ್ ಆದರೆ ಎರಡೂ ಕಡೆ ಸಮ ತೂಕ, ಹಿಡಿಯೋಕೆ ಜಾಗ ಇರುತ್ತೆ. ಮನುಷ್ಯರ ಮೈ ಹಾಗಲ್ಲ. ಒಂದು ಕಡೆ ವಾಲುತ್ತೆ, ಉಸಿರಾಡುತ್ತೆ, ಜಾರುತ್ತೆ. ಎದುರಾಳಿಯೂ ಸ್ವಲ್ಪ ಚಿಮ್ಮಿ, ಮೈ ಬಿಗಿ ಹಿಡಿದು ಸಹಕಾರ ಕೊಡಬೇಕು, ನಿಜ. ಆದರೂ ಭಾರ ಹೊರುವುದು ಕೆಳಗಿನ ಎರಡು ತೋಳೇ. ಆಮೇಲೆ ಬೀಳಿಸುವಾಗ ಕುತ್ತಿಗೆಗೆ ಪೆಟ್ಟಾಗದ ಹಾಗೆ ಬೀಳಿಸಬೇಕು. ಇದು ಸುಮ್ನೆ ಆಗೋ ಕೆಲಸ ಅಲ್ಲ.

ಕೊನೆಗೆ ಸೋತಿದ್ದು ಕವಿತಾನೇ. ಆ ವಿಡಿಯೋ ಮಾತ್ರ ಊರೂರು ಸುತ್ತಿತು. ಗೆದ್ದವಳನ್ನು ಬಿಟ್ಟು ಸೋತವಳನ್ನು ನೋಡಿದ ಪಂದ್ಯ! ಈ ಕುಸ್ತಿಯಲ್ಲಿ ಫಲಿತಾಂಶ ಮೊದಲೇ ನಿಗದಿಯಾಗಿರುತ್ತೆ, ಹಾಗಾಗಿ ಚೆನ್ನಾಗಿ ಸೋಲೋದೂ ಕಸುಬಿನ ಭಾಗ. ಎದುರಿನವಳ ಒದೆತ ನಿಜ ಅನ್ನಿಸುವಂತೆ ಬೀಳಬೇಕು, ಎದ್ದು ನಿಲ್ಲುವಷ್ಟು ಜೋಪಾನವಾಗಿಯೂ ಬೀಳಬೇಕು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತೂಕ 100 ಗ್ರಾಂ ಜಾಸ್ತಿಯಾಯಿತೆಂದು ವಿನೇಶ್‌ರನ್ನು ಫೈನಲ್‌ನಿಂದಲೇ ಹೊರಗಿಟ್ಟರು. ಅದು ಒಂದು ಕುಸ್ತಿ, ಇದು ಇನ್ನೊಂದು. ಒಂದನ್ನು ತಂದು ಇನ್ನೊಂದರ ಪಕ್ಕ ಅಳೆಯೋದು ಯಾಕೆ ಅಂತೀನಿ.

ಕವಿತಾರ ಆ ತೋಳಿನ ಬಲ ಬಂದಿದ್ದು ವೇಟ್‌ಲಿಫ್ಟಿಂಗ್‌ನಿಂದ. ಊರು ಜೀಂದ್ ಜಿಲ್ಲೆಯ ಮಾಲ್ವಿ. ಮದುವೆ, ಮಗು ಎಲ್ಲ ಆದ ಮೇಲೂ ಭಾರ ಎತ್ತೋದು ಬಿಡಲಿಲ್ಲ. 2016ರಲ್ಲಿ ಭಾರತದಲ್ಲೇ ನಡೆದ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ 75 ಕೆ.ಜಿ. ವಿಭಾಗದ ಚಿನ್ನ ಇವರದ್ದೇ. ಅದೇ ವರ್ಷ ಜಲಂಧರ್‌ನಲ್ಲಿ ಡಬ್ಲ್ಯುಡಬ್ಲ್ಯುಇಯಲ್ಲಿ ಹೆಸರು ಮಾಡಿದ ದಿ ಗ್ರೇಟ್ ಖಲಿ ನಡೆಸುವ ಅಖಾಡದ ಷೋನಲ್ಲಿ ಬಿ.ಬಿ. ಬುಲ್‌ಬುಲ್ ಎಂಬಾಕೆ ಧೈರ್ಯ ಇದ್ದವರು ಬನ್ನಿ ಅಂತ ಸವಾಲು ಹಾಕಿದಾಗ ಸಲ್ವಾರ್‌ನಲ್ಲೇ ರಿಂಗಿಗೆ ಹತ್ತಿ ಎತ್ತಿ ಬಡಿದರು. ಮೂವತ್ತರ ಹತ್ತಿರದಲ್ಲಿ ಹೊಸ ಕಸುಬು ಶುರು. ನಮ್ಮಲ್ಲಿ ಆ ವಯಸ್ಸಿಗೆ ಹೆಂಗಸರಿಗೆ ಯಾರಾದರೂ ಹೊಸ ಆಟ ಕಲಿಸ್ತಾರಾ?

2017ರ ಅಕ್ಟೋಬರ್‌ನಲ್ಲಿ ಡಬ್ಲ್ಯುಡಬ್ಲ್ಯುಇ ಜೊತೆ ಕರಾರು. ಭಾರತದ ಹೆಂಗಸೊಬ್ಬರಿಗೆ ಅದು ಮೊದಲ ಸಲ. ಮರುವರ್ಷ ಏಪ್ರಿಲ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಕಂಪನಿಯ ವರ್ಷದ ದೊಡ್ಡ ಷೋ ರೆಸಲ್‌ಮೇನಿಯಾ 34. ಅದರಲ್ಲಿ ಹೆಂಗಸರ ಬ್ಯಾಟಲ್ ರಾಯಲ್, ಅಂದರೆ ಎಲ್ಲರೂ ಒಟ್ಟಿಗೆ ರಿಂಗಿಗಿಳಿದು ಕೊನೆಗೆ ಉಳಿದವರು ಗೆಲ್ಲುವ ಪಂದ್ಯ. ರಿಂಗಿನಲ್ಲಿದ್ದ 20 ಮಂದಿಯಲ್ಲಿ ಇವರೂ ಒಬ್ಬರು. ಗೆದ್ದಿದ್ದು ನವೋಮಿ. ಅದೇ ವರ್ಷದ ಮೇ ಯಂಗ್ ಕ್ಲಾಸಿಕ್‌ನಲ್ಲಿ ಕೇಟ್ಲಿನ್ ಎದುರು ಮತ್ತೆ ಮೊದಲ ಸುತ್ತಿನಲ್ಲೇ ಸೋಲು. 2021ರಲ್ಲಿ ಕಂಪನಿ ಕೈಬಿಟ್ಟಿತು.

ನನಗೆ ಬೇಜಾರಿರೋದು ಇಲ್ಲೇ. ಸಲ್ವಾರ್ ಹಾಕಿಕೊಂಡು ಕುಸ್ತಿಯಾಡುವ ಭಾರತೀಯಳು ಅಂತ ಫೋಟೋ ಬೇಕಾದಷ್ಟು ತೆಗೆಸಿದರು. ಆಕೆಗೊಂದು ಜಗಳದ ಕಥೆ, ಒಬ್ಬ ಕಾಯಂ ಎದುರಾಳಿ, ವಾರ ವಾರ ಮೈಕ್ ಹಿಡಿಯೋ ಅವಕಾಶ, ಇದ್ಯಾವುದೂ ಕೊಡಲಿಲ್ಲ. ಈ ಕುಸ್ತಿಯಲ್ಲಿ ಹೆಸರು ಮಾಡೋದು ಅದರಿಂದಲೇ, ಅಲ್ವಾ? ಡಕೋಟಾ ಜೊತೆಗೇ ಇನ್ನೊಂದು ಪಂದ್ಯ ಇಟ್ಟು, ಈ ಸಲ ಕವಿತಾ ಗೆಲ್ಲೋ ಹಾಗೆ ಬರೆದಿದ್ದರೆ ಅವರಪ್ಪನ ಗಂಟೇನು ಹೋಗುತ್ತಿತ್ತು?