ಹತ್ತಿ ಹೊಲದ ಮೇಲೊಂದು ಮಾಲ್, ಕೈಯಲ್ಲೊಂದು ಕಾರ್ಡ್

ಅಮೆರಿಕದ ಡಲ್ಲಾಸ್‌ಗೆ ಹೋದ ಮೂರನೇ ದಿನ ಭಾವ ನನ್ನ ಕೈಗೆ ಒಂದು ಸಣ್ಣ ಲಕೋಟೆ ಕೊಟ್ಟರು. ಒಳಗೆ ಗಿಫ್ಟ್ ಕಾರ್ಡ್, ಅಂದರೆ ಮೊದಲೇ ದುಡ್ಡು ಕಟ್ಟಿಟ್ಟ ಉಡುಗೊರೆ ಕಾರ್ಡ್ ಇತ್ತು. ನಾರ್ತ್‌ಪಾರ್ಕ್ ಸೆಂಟರ್ ಅನ್ನೋ ಮಾಲ್‌ನದ್ದು, 50 ಡಾಲರ್.

“ನಿನಗೆ ಏನು ಇಷ್ಟ ಆಗುತ್ತೋ ನಮಗೆ ತಿಳೀಲಿಲ್ಲ ಕಣಮ್ಮ. ನೀನೇ ಹೋಗಿ ನೋಡಿ ತಗೋ” ಅಂದರು.

ಒಳಗಿನಿಂದ ಅಕ್ಕ ಕೂಗಿದಳು: “ಹೋದ ಸಲದ ಹಾಗೆ ಬೀರುವಿನಲ್ಲಿ ಇಟ್ಟು ಕೂರಬೇಡ!”

ಅವಳು ಹೇಳಿದ್ದು ಹಳೆಯ ಕಥೆ. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಬಿಡುವಾಗ ಜೊತೆಯವರೆಲ್ಲ ದುಡ್ಡು ಸೇರಿಸಿ ಒಂದು ಪುಸ್ತಕದ ಅಂಗಡಿಯ ಕಾರ್ಡ್ ಕೊಟ್ಟಿದ್ದರು. ಒಳ್ಳೆಯ ದಿನ ಹೋಗೋಣ, ನಿಧಾನವಾಗಿ ಆರಿಸೋಣ ಅಂತ ಎತ್ತಿಟ್ಟೆ. ಹೋಗುವಷ್ಟರಲ್ಲಿ ಅಂಗಡಿಯೇ ಮುಚ್ಚಿತ್ತು. ಷಟರ್ ಮೇಲೆ ಬೇರೆ ಬೋರ್ಡು ಬಿದ್ದಿತ್ತು. ಹೋದದ್ದು ದೊಡ್ಡ ಮೊತ್ತವೇನಲ್ಲ. ಆದರೆ ಅಷ್ಟು ಜನ ಪ್ರೀತಿಯಿಂದ ಕೊಟ್ಟದ್ದು ಪೋಲಾಯ್ತಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆಮೇಲೆ ಗಿಫ್ಟ್ ಕಾರ್ಡ್ ಕಂಡರೆ ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನೆಲ್ಲ ಓದುವ ಅಭ್ಯಾಸ ಬಂತು. ಹಾಗೆ ಓದುತ್ತಾ ಹೋದಾಗಲೇ ಗೊತ್ತಾಗಿದ್ದು, ಈ ಕಾರ್ಡಿನ ಹುಟ್ಟಿಗೂ ಡಲ್ಲಾಸ್‌ಗೂ ನಂಟಿದೆ ಅಂತ. ಹಾಗಾಗಿ ಭಾವ ಕೊಟ್ಟ ಲಕೋಟೆ ನನಗೆ ಡಬಲ್ ಖುಷಿ ಕೊಟ್ಟಿತು.

ಮರುದಿನ ಬೆಳಿಗ್ಗೆ ನಾನೂ ಅಕ್ಕನ ಮಗಳು ಪುಟ್ಟಿಯೂ ಹೊರಟೆವು. ಅವಳಿಗೆ ಎಂಟು ವರ್ಷ. ಕಾರಿಗಿಂತ ರೈಲು ಅಂದರೆ ಪ್ರಾಣ. ಡಲ್ಲಾಸ್ ಪಕ್ಕದ ಪ್ಲೇನೋದಿಂದ ಡಾರ್ಟ್ ಎಂಬ ನಗರ ರೈಲು ಹತ್ತಿ ಪಾರ್ಕ್ ಲೇನ್ ಸ್ಟೇಷನ್ನಿನಲ್ಲಿ ಇಳಿದೆವು. ಮಾಲ್ ಇರುವುದು ಸೆಂಟ್ರಲ್ ಎಕ್ಸ್‌ಪ್ರೆಸ್‌ವೇ ಹೆದ್ದಾರಿಯ ಆಚೆ ಬದಿಗೆ. ನಡೆದೇ ಹೋಗೋಣ ಅಂದೆ. ತಪ್ಪು ಮಾಡಿದೆ. ಆಗಸ್ಟ್ ತಿಂಗಳ ಟೆಕ್ಸಾಸ್ ಬಿಸಿಲು ಅಂದರೆ ಬೆಂಕಿ. ಹೆದ್ದಾರಿ ದಾಟುವಷ್ಟರಲ್ಲಿ ಪುಟ್ಟಿಯ ಮುಖ ಕೆಂಪಾಗಿತ್ತು. ನೀವು ಹೋದರೆ ಬೇಸಿಗೆಯಲ್ಲಿ ಮಾತ್ರ ಹೀಗೆ ನಡೆಯಬೇಡಿ.

ಆದರೆ ಆ ಬಿಸಿಲಲ್ಲಿ ನಡೆದದ್ದರಿಂದಲೇ ಒಂದು ವಿಷಯ ಸರಿಯಾಗಿ ಅರ್ಥವಾಯ್ತು. ಈ ಜಾಗ ಮೊದಲು 97 ಎಕರೆ ಹತ್ತಿ ಹೊಲ. ಕ್ಯಾರುತ್ ಎಂಬ ಹಳೆಯ ಜಮೀನ್ದಾರ ಕುಟುಂಬದ್ದು. ಕಟ್ಟಡ ಉದ್ಯಮಿ ರೇಮಂಡ್ ನ್ಯಾಶರ್ ಅದನ್ನು ಗುತ್ತಿಗೆಗೆ ಪಡೆದು 1965ರಲ್ಲಿ ಮಾಲ್ ತೆರೆದರು. ಇಡೀ ಕಟ್ಟಡಕ್ಕೆ ಏಸಿ ಹಾಕಿಸಿದ್ದರು. ಆ ಕಾಲಕ್ಕೆ ಜಗತ್ತಿನಲ್ಲೇ ಅಷ್ಟು ದೊಡ್ಡ, ಪೂರ್ತಿ ತಂಪು ಮಾಡಿದ ಮಾರಾಟದ ಜಾಗಗಳು ಬೆರಳೆಣಿಕೆಯಷ್ಟು. ಬಾಗಿಲು ತಳ್ಳಿ ಒಳಗೆ ಕಾಲಿಟ್ಟಾಗ ಮೈಗೆ ತಗುಲಿದ ಆ ತಂಪಿಗೆ ಅರವತ್ತು ವರ್ಷದ ಹಿಂದೆ ಜನ ಎಷ್ಟು ಬೆರಗಾಗಿರಬೇಕು ಅನ್ನಿಸಿತು.

ಒಳಗೆ ಮೊದಲು ಕಣ್ಣಿಗೆ ಬಿದ್ದದ್ದು ಅಂಗಡಿಯಲ್ಲ, ಗೋಡೆ. ಎಲ್ಲಿ ನೋಡಿದರೂ ಬಿಳಿ ಇಟ್ಟಿಗೆ. ಒಳಗೂ ಅದೇ, ಹೊರಗೂ ಅದೇ. ನೆಲ ನುಣುಪಾದ ಕಾಂಕ್ರೀಟು. ವಾಸ್ತುಶಿಲ್ಪಿ ಇ. ಜಿ. ಹ್ಯಾಮಿಲ್ಟನ್ ಅವರ ಸಂಸ್ಥೆ ಮಾಡಿದ ವಿನ್ಯಾಸ. ಮಾಲ್ ಅಂದರೆ ಕಣ್ಣು ಕುಕ್ಕುವ ಬೋರ್ಡುಗಳು, ಕಿವಿ ತುಂಬುವ ಸದ್ದು ಅಂದುಕೊಂಡವಳು ನಾನು. ಇಲ್ಲಿ ಬಹಳ ದುಬಾರಿ ಬ್ರ್ಯಾಂಡುಗಳೂ ಗೋಡೆಯ ಸಾಲು ಮೀರದೆ ಅಚ್ಚುಕಟ್ಟಾಗಿ ನಿಂತಿವೆ. 2005-06ರಲ್ಲಿ ಮಾಲ್ ಅನ್ನು ಸುಮಾರು ಎರಡು ಪಟ್ಟು ದೊಡ್ಡದು ಮಾಡಿದರು. ಈಗ 200ಕ್ಕೂ ಜಾಸ್ತಿ ಅಂಗಡಿಗಳಿವೆ. ಆದರೂ ಹೊಸ ಭಾಗ ಎಲ್ಲಿ ಶುರುವಾಗುತ್ತದೆ ಅಂತ ನನಗೆ ಗೊತ್ತಾಗಲೇ ಇಲ್ಲ. ನಡುವೆ ಸುಮಾರು ಒಂದೂವರೆ ಎಕರೆಯ ಒಂದು ತೋಟವಿದೆ. ಅದರ ಸುತ್ತ ಒಂದು ಸುತ್ತು ಹಾಕಿದರೆ ಹೊರಟಲ್ಲಿಗೇ ಬಂದು ಸೇರುತ್ತೀರಿ.

ಇನ್ನು ಕಲೆಯ ವಿಷಯ. ಇಲ್ಲಿ ನನ್ನ ಅರ್ಧ ದಿನ ಹೋಯ್ತು. ಮಾರ್ಕ್ ಡಿ ಸುವೆರೊ ಅವರ ‘ಆಡ್ ಆಸ್ಟ್ರಾ’ ಎಂಬ ಶಿಲ್ಪ 48 ಅಡಿ ಎತ್ತರ. ಕಿತ್ತಳೆ ಬಣ್ಣದ ಉಕ್ಕಿನ ತೊಲೆಗಳು ಚಾವಣಿಯ ಕಡೆಗೆ ಕೈ ಚಾಚಿ ನಿಂತಿವೆ. ಜೊನಾಥನ್ ಬೊರೊಫ್‌ಸ್ಕಿ ಅವರ ‘ಫೈವ್ ಹ್ಯಾಮರಿಂಗ್ ಮೆನ್’ನಲ್ಲಿ ಐದು ಕಪ್ಪು ಆಕೃತಿಗಳು ಸುತ್ತಿಗೆ ಹಿಡಿದ ಕೈಯನ್ನು ಮೋಟಾರಿನ ಬಲದಿಂದ ಮೇಲೆ ಕೆಳಗೆ ಆಡಿಸುತ್ತಲೇ ಇರುತ್ತವೆ. ಬ್ಯಾಗು, ವಾಚು ಮಾರುವ ಜಾಗದಲ್ಲಿ ದುಡಿಯುವ ಮನುಷ್ಯರ ನೆರಳು! ಪುಟ್ಟಿ ಅವುಗಳ ಮುಂದೆ ನಿಂತು ತಾನೂ ಕೈ ಬೀಸಿದಳು. “ಚಿಕ್ಕಮ್ಮ, ಇವರಿಗೆ ಊಟದ ಟೈಮ್ ಇಲ್ವಾ?” ಅಂತ ಕೇಳಿದಳು.

ಈ ಕಲೆಯ ಹಿಂದೆ ಒಂದು ಉಡುಗೊರೆಯ ಕಥೆ ಇದೆ. 1967ರಲ್ಲಿ ರೇಮಂಡ್ ಅವರ ಹುಟ್ಟುಹಬ್ಬಕ್ಕೆ ಹೆಂಡತಿ ಪ್ಯಾಟ್ಸಿ ಒಂದು ಶಿಲ್ಪ ತಂದುಕೊಟ್ಟರು. ಜಾನ್ ಆರ್ಪ್ ಅವರ ‘ಟಾರ್ಸೊ ವಿತ್ ಬಡ್ಸ್’. ಮುಂದೆ ಇಬ್ಬರೂ ಸೇರಿ ಆಧುನಿಕ ಶಿಲ್ಪಗಳನ್ನು ಕೂಡಿಡುತ್ತಾ ಹೋದರು. ಅಂಥ ಶಿಲ್ಪಗಳನ್ನು ಮನೆಯೊಳಗೆ ಬೀಗ ಹಾಕಿ ಇಡದೆ ಮಾಲ್‌ಗೆ ತಂದು, ಬಂದವರೆಲ್ಲ ನೋಡುವ ಹಾಗೆ ನಿಲ್ಲಿಸಿದರು. 2003ರಲ್ಲಿ ನಗರದ ನಡುವೆ ನ್ಯಾಶರ್ ಶಿಲ್ಪ ಕೇಂದ್ರವೂ ತೆರೆಯಿತು. ಅದರ ಕಟ್ಟಡದ ವಿನ್ಯಾಸ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಅವರದ್ದು. ಪ್ಯಾಟ್ಸಿ 1988ರಲ್ಲೇ ತೀರಿಕೊಂಡಿದ್ದರು, ಅದನ್ನು ನೋಡಲಿಲ್ಲ. ರೇಮಂಡ್ 2007ರಲ್ಲಿ ಹೋದರು. ಈಗ ಮಗಳು ನ್ಯಾನ್ಸಿ ಮತ್ತು ಅವರ ಗಂಡ ಡೇವಿಡ್ ಹೆಮಿಸೆಗರ್ ಮಾಲ್ ನೋಡಿಕೊಳ್ಳುತ್ತಾರೆ. ಹುಟ್ಟುಹಬ್ಬಕ್ಕೆ ಏನು ಕೊಡಲಿ ಅಂತ ಪ್ಯಾಟ್ಸಿ ಎಷ್ಟು ಯೋಚಿಸಿದ್ದರೋ! ಆ ಒಂದು ಆಯ್ಕೆ ಇಂದಿಗೂ ಫಲ ಕೊಡುತ್ತಿದೆ.

ಮಾಲ್ ತೆರೆದಾಗಿನಿಂದಲೂ ಇರುವ ದೊಡ್ಡ ಅಂಗಡಿ ನೀಮನ್ ಮಾರ್ಕಸ್. 1907ರಲ್ಲಿ ಇದೇ ಊರಲ್ಲಿ ಹುಟ್ಟಿದ್ದು. ಹರ್ಬರ್ಟ್ ಮಾರ್ಕಸ್, ಅವರ ತಂಗಿ ಕ್ಯಾರಿ, ಕ್ಯಾರಿಯ ಗಂಡ ಅಲ್ ನೀಮನ್ ಸೇರಿ ಶುರು ಮಾಡಿದರು. ಗಿಫ್ಟ್ ಕಾರ್ಡಿನ ಕಥೆ ಬರುವುದು ಇಲ್ಲೇ. ಅದಕ್ಕೂ ಮೊದಲು ಇದ್ದದ್ದು ಕಾಗದದ ಗಿಫ್ಟ್ ಸರ್ಟಿಫಿಕೇಟ್. ಕಲರ್ ಜೆರಾಕ್ಸ್ ಬಂದ ಮೇಲೆ ಅದನ್ನು ನಕಲು ಮಾಡುವುದು ಸುಲಭವಾಯ್ತು. 1994ರಲ್ಲಿ ನೀಮನ್ ಮಾರ್ಕಸ್ ಮೊದಲ ಬಾರಿಗೆ ಪ್ಲಾಸ್ಟಿಕ್ ಗಿಫ್ಟ್ ಕಾರ್ಡ್ ಮಾರಿತು ಅಂತ ಹೇಳುತ್ತಾರೆ. ಆದರೆ ಅದನ್ನು ಎದುರಿಗೆ ಜೋಡಿಸಿಟ್ಟಿರಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಇಟ್ಟು ಮಾರಿದ ಹೆಸರು ವಿಡಿಯೋ ಬಾಡಿಗೆಗೆ ಕೊಡುತ್ತಿದ್ದ ಬ್ಲಾಕ್‌ಬಸ್ಟರ್‌ಗೆ ಹೋಗುತ್ತದೆ. ಎದುರಿಗೆ ಇಡಲು ಧೈರ್ಯ ಬಂದದ್ದು ಹೇಗೆ ಅಂದರೆ, ಆ ಪ್ಲಾಸ್ಟಿಕ್ಕಿನಲ್ಲಿ ದುಡ್ಡು ಇರುವುದಿಲ್ಲ. ಇರುವುದು ಒಂದು ನಂಬರ್ ಅಷ್ಟೇ. ಕ್ಯಾಷ್ ಕೌಂಟರಿನಲ್ಲಿ ದುಡ್ಡು ಕಟ್ಟಿದ ಮೇಲೆ ಆ ನಂಬರಿನ ಎದುರು ಕಂಪ್ಯೂಟರಿನಲ್ಲಿ ಮೊತ್ತ ಸೇರುತ್ತದೆ. ಅಲ್ಲಿಯವರೆಗೆ ಕದ್ದೊಯ್ದರೂ ಅದು ಬರೀ ಪ್ಲಾಸ್ಟಿಕ್.

ನನ್ನ ಕಾರ್ಡ್ ಒಂದೇ ಅಂಗಡಿಯದ್ದಲ್ಲ, ಮಾಲ್‌ನದ್ದು. ಇದರಲ್ಲಿ ವ್ಯತ್ಯಾಸವಿದೆ. ಒಂದು ಅಂಗಡಿ ಮುಚ್ಚಿದರೂ ಪಕ್ಕದ್ದರಲ್ಲಿ ನಡೆಯುತ್ತದೆ. ಹಳೆಯ ಪೆಟ್ಟು ತಿಂದವಳಿಗೆ ಇದು ದೊಡ್ಡ ಸಮಾಧಾನ. ಅಮೆರಿಕದಲ್ಲಿ 2009ರ ಒಂದು ಕಾಯ್ದೆ ಇದೆ, 2010ರ ಆಗಸ್ಟಿನಿಂದ ಜಾರಿಗೆ ಬಂತು. ಅದರ ಪ್ರಕಾರ ಕಾರ್ಡಿನ ಹಣ ಕನಿಷ್ಠ 5 ವರ್ಷ ಬದುಕಿರಬೇಕು. 12 ತಿಂಗಳು ಮುಟ್ಟದೆ ಇಟ್ಟರೆ ಮಾತ್ರ ಶುಲ್ಕ ಹಿಡಿಯಬಹುದು, ಅದೂ ತಿಂಗಳಿಗೆ ಒಂದೇ ಸಲ. ಟೆಕ್ಸಾಸ್‌ನಲ್ಲಿ ಅಂಗಡಿಯ ಕಾರ್ಡನ್ನು ಬಳಸಿದ ಮೇಲೆ 2.50 ಡಾಲರ್‌ಗಿಂತ ಕಡಿಮೆ ಉಳಿದರೆ, ಕೇಳಿದವರಿಗೆ ನಗದು ಕೊಡಬೇಕು. ತುಂಬ ಜನ ಕೇಳುವುದೇ ಇಲ್ಲ. ಕೇಳಿ.

ಕಾನೂನು ಏನೇ ಹೇಳಲಿ, ಅಂಗಡಿ ದಿವಾಳಿಯಾದರೆ ಕಾರ್ಡ್ ಹಿಡಿದವರು ಅಂಗಡಿಗೆ ಸಾಲ ಕೊಟ್ಟವರ ಸಾಲಿನ ಕೊನೆಯ ಕಡೆಗೆ ನಿಲ್ಲಬೇಕು. ಯಾಕಂದರೆ ನಾವು ಮುಂಗಡ ಕೊಟ್ಟಿದ್ದೇವೆ, ಸಾಮಾನು ಇನ್ನೂ ತಗೊಂಡಿಲ್ಲ, ಅಷ್ಟೇ. ಇದನ್ನು ಯಾರೂ ಲಕೋಟೆಯ ಮೇಲೆ ಬರೆದಿರುವುದಿಲ್ಲ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಕಾರ್ಡ್ ಸಿಕ್ಕರೆ ಬೇಗ ಬಳಸಿ.

ಎರಡು ಗಂಟೆ ಸುತ್ತಿ ನಾನು ಒಂದು ನೋಟ್‌ಬುಕ್ಕನ್ನೂ ಒಂದು ಪೆನ್ನನ್ನೂ ಆರಿಸಿಕೊಂಡೆ. ಎರಡೂ ಸೇರಿ 43 ಡಾಲರ್. ಇಲ್ಲಿ ಚೀಟಿಯ ಮೇಲಿನ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. 8.25 ಶೇಕಡಾ ಸೇರಿಸಿದಾಗ 46.55 ಆಯ್ತು. ಕಾರ್ಡಿನಲ್ಲಿ 3.45 ಉಳಿಯಿತು. ಪುಟ್ಟಿಗೆ ಐಸ್‌ಕ್ರೀಮ್ ಬೇಕಿತ್ತು, ಅದರ ಬೆಲೆ ಜಾಸ್ತಿ. ಇಂಥ ಕಡೆ ಸುಮ್ನೆ ಕಾರ್ಡ್ ಕೊಟ್ಟರೆ ಮಷಿನ್ ತಿರಸ್ಕರಿಸಬಹುದು. “ಇದರಿಂದ 3.45 ತಗೊಳ್ಳಿ, ಮಿಕ್ಕಿದ್ದು ನಗದು” ಅಂತ ಮೊದಲೇ ಹೇಳಬೇಕು. ಹೇಳಿದೆ. ಕೌಂಟರಿನ ಹುಡುಗಿ ನಗುತ್ತಾ ಹಾಗೇ ಮಾಡಿಕೊಟ್ಟಳು.

ಆಮೇಲೆ ಬಾತುಕೋಳಿ, ಆಮೆಗಳಿರುವ ಕೊಳದ ಹತ್ತಿರ ಸ್ವಲ್ಪ ಹೊತ್ತು. ಇಲ್ಲಿನ ದೊಡ್ಡ ಗಿಡದ ಕಟ್ಟೆಗಳ ಬದಿ ಇಳಿಜಾರಾಗಿದೆ. ಡಲ್ಲಾಸ್‌ನ ಮಕ್ಕಳು ತಲೆಮಾರುಗಳಿಂದ ಅದರ ಮೇಲೆ ಜಾರುತ್ತಾ ಬೆಳೆದಿದ್ದಾರೆ. ಪುಟ್ಟಿಯ ಪಕ್ಕ ಜಾರುತ್ತಿದ್ದ ಮಗುವಿನ ಅಜ್ಜಿ ನನಗೆ ಹೇಳಿದರು, ತಾನೂ ಇದೇ ಕಟ್ಟೆಯ ಮೇಲೆ ಜಾರಿದವಳು ಅಂತ.

ಸಂಜೆ ಭಾವ ಕಾರು ತಂದರು. ನಾನು ಕೇಳಿಕೊಂಡದ್ದಕ್ಕೆ ನಾರ್ತ್‌ವೆಸ್ಟ್ ಹೈವೇಯಲ್ಲಿ ಪೂರ್ವಕ್ಕೆ ಸ್ವಲ್ಪ ದೂರ ಹೋಗಿ ಸ್ಕಿಲ್‌ಮನ್ ರಸ್ತೆ ಸೇರುವ ಮೂಲೆಯಲ್ಲಿ ನಿಲ್ಲಿಸಿದರು. 1985ರ ಅಕ್ಟೋಬರಿನಲ್ಲಿ ಮೊಟ್ಟಮೊದಲ ಬ್ಲಾಕ್‌ಬಸ್ಟರ್ ತೆರೆದದ್ದು ಇಲ್ಲಿ. 2004ರ ಹೊತ್ತಿಗೆ ಸುಮಾರು 9,000 ಮಳಿಗೆಗಳಿದ್ದವು. 2010ರ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಕಾರ್ಡನ್ನು ಜಗತ್ತಿಗೆ ತೋರಿಸಿದ ಅಂಗಡಿಯ ಗುರುತನ್ನು ಹುಡುಕುತ್ತಾ ನಾನು ಕಾರಿನ ಗಾಜಿನಿಂದ ಬಹಳ ಹೊತ್ತು ನೋಡಿದೆ. ಜನ ತರಕಾರಿ ಚೀಲ ಹಿಡಿದು ಓಡಾಡುತ್ತಿದ್ದರು.

“ಚಿಕ್ಕಮ್ಮ, ಆ ಖಾಲಿ ಕಾರ್ಡ್ ನನಗೆ ಕೊಡ್ತೀಯಾ? ಪುಸ್ತಕದಲ್ಲಿ ಗುರುತಿಗೆ ಇಟ್ಕೋತೀನಿ” ಅಂದಳು ಪುಟ್ಟಿ.

ಪೆನ್ನು ಸರಿಯಿಲ್ಲದಿದ್ದರೆ ವಾಪಸ್ ಮಾಡಿದ ದುಡ್ಡು ಅದೇ ಕಾರ್ಡಿಗೆ ಬರಬಹುದು. ಹಾಗಾಗಿ ಮನೆಗೆ ಹೋಗಿ ಮೊದಲು ಬರೆದು ನೋಡಿದೆ. ಚೆನ್ನಾಗಿ ಬರೆಯಿತು. ಕಾರ್ಡನ್ನು ಅವಳ ಕೈಗೆ ಕೊಟ್ಟೆ.